ಬಾಡಿಗೆಯ ಮಾಳಿಗೆಯಲ್ಲಿ ಹಣ್ಣಿನ ಮರ

ಮರವೆಂದರೆ ನೆಲ ಬೇಕು, ನೆಲವೆಂದರೆ ಹಣ ಬೇಕು, ಹಣವಿದ್ದಿದ್ದರೆ ನಾವು ದಿಲ್ಲಿಗೇಕೆ ಬರುತ್ತಿದ್ದೆವು ಎಂದು ನಮ್ಮ ಕಾರ್ಮಿಕ ಬಂಧುಗಳು ಹೇಳುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆರ್.ಕೆ.ಪುರಂ ಮತ್ತು ಅದರ ಸುತ್ತುಮುತ್ತ ಇರುವ ನಮ್ಮವರು, ಮುನಿರ್ಕಾದ ಬಾಡಿಗೆ ಕೋಣೆಯಲ್ಲಿರಲಿ, ಮೊಹಮ್ಮದ್‌ಪುರದ ಓಣಿಯಲ್ಲಿರಲಿ, ಹೋಟೆಲಿನ ಸ್ಟಾಫ್ ರೂಮಿನಲ್ಲಿಯೇ ಇರಲಿ, ಹಳೆಯ ಎಣ್ಣೆ ಡಬ್ಬಿಯಲ್ಲಿ, ಅರ್ಧ ಕೊಯ್ದ ಡ್ರಮ್ಮಿನಲ್ಲಿ, ಮಣ್ಣಿನ ಕುಂಡದಲ್ಲಿ ಹಣ್ಣಿನ ಗಿಡ ಬೆಳೆಸಬಲ್ಲರು. ಬೆಳೆಸಬೇಕು. ಅದಕ್ಕೆ ಬೇಕಾದ ಮಾಳಿಗೆಯ ಜಾಗವನ್ನೂ ನೀರನ್ನೂ ಕೇಳಿ ಪಡೆಯಬೇಕು. ಇದು ನಮ್ಮ ಅಭಿಪ್ರಾಯ.

ಈ ಮಾತನ್ನು ಸಂಘದ ಸಭೆಯೊಂದರಲ್ಲಿ ಎತ್ತಿದಾಗ ಹಿಂದಿನ ಸಾಲಿನಿಂದ ಒಬ್ಬರು, "ಮಾರಾಯ್ರೇ, ಬೋನಸ್ಸಿನ ಮಾತು ಬಿಟ್ಟು ಬೋನ್ಸಾಯಿಗೆ ಇಳಿದಿರಾ?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಪ್ರಶ್ನೆ ನಗೆಯಲ್ಲಿ ತೇಲಿಸುವಂಥದಲ್ಲ. ಸಂಬಳ, ಕೆಲಸದ ವೇಳೆ, ವಾರದ ರಜೆ ಇವು ಬಗೆಹರಿಯದೆ ಇರುವಾಗ ಗಿಡದ ವಿಚಾರ ಹೊಟ್ಟೆ ತುಂಬಿದವರ ವಿನೋದವಲ್ಲವೆ? ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ನ್ಯಾಯವಲ್ಲ. ಸ್ವಲ್ಪ ಸುತ್ತಿಕೊಂಡು ಬಂದು ಕೊಡುತ್ತೇವೆ.

ಹೊಟ್ಟೆ ತುಂಬಿದವರ ವಿನೋದವೆಂಬುದಕ್ಕೆ ಚರಿತ್ರೆಯ ಆಧಾರವೇನೋ ಇದೆ. ಫ್ರಾನ್ಸಿನ ವರ್ಸಾಯಿಯಲ್ಲಿ ಹದಿನಾಲ್ಕನೆಯ ಲೂಯಿ ದೊರೆಯು 1684ರಿಂದ 1686ರ ವರೆಗೆ ಕಿತ್ತಳೆ ಮರಗಳಿಗಾಗಿಯೇ ಒಂದು ಭಾರಿ ಕಟ್ಟಡ ಕಟ್ಟಿಸಿದ. ಮರಗಳೆಲ್ಲ ಹಲಗೆಯ ಪೆಟ್ಟಿಗೆಗಳಲ್ಲಿ. ಚಳಿಗಾಲ ಬಂದರೆ ಒಳಗೆ, ಬೇಸಿಗೆ ಬಂದರೆ ಹೊರಗೆ. ಹಣ್ಣು ದೊರೆಯ ಮೇಜಿಗೆ ಹೋಗುತ್ತಿತ್ತು, ಪೆಟ್ಟಿಗೆಯ ಭಾರ ಯಾರ ಬೆನ್ನಿಗೆ ಬರುತ್ತಿತ್ತೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅಲ್ಲಿಂದ ನಾವು ತಿಳಿಯಬೇಕಾದ ಸಂಗತಿ ಒಂದಿದೆ. ಮರಕ್ಕೆ ಬೇಕಾದದ್ದು ಬಿಸಿಲು, ನೀರು, ಬೇರಿಗೆ ತಕ್ಕಷ್ಟು ಮಣ್ಣು, ಮತ್ತು ದಿನವೂ ನೋಡಿಕೊಳ್ಳುವ ಕೈ. ಪೆಟ್ಟಿಗೆ ಬಂಗಾರದ್ದೋ ತಗಡಿನದೋ ಎಂದು ಮರ ನೋಡುವುದಿಲ್ಲ. ಇನ್ನು ಈ ವಿದ್ಯೆ ನಮಗೆ ಹೊಸದೂ ಅಲ್ಲ. ಡಾಲ್ಡಾ ಡಬ್ಬಿಯ ತುಳಸಿ ಇಲ್ಲದ ಕೋಣೆ ನಮ್ಮವರಲ್ಲಿ ಎಷ್ಟಿದ್ದವು? ತುಳಸಿಗೆ ಒಲಿದ ಡಬ್ಬಿ, ಅದಕ್ಕಿಂತ ಸ್ವಲ್ಪ ದೊಡ್ಡದಾದರೆ, ನಿಂಬೆಗೂ ಒಲಿಯುತ್ತದೆ.

ಇನ್ನು ನೆಲದ ಮಾತು. ನೆಲದಲ್ಲಿ ನೆಟ್ಟ ಮರ ನೆಟ್ಟವನದಾಗುತ್ತದೆಯೆ? ಆರ್.ಕೆ.ಪುರಂ ಕೇಂದ್ರ ಸರಕಾರದ ನೌಕರರಿಗಾಗಿ ಕಟ್ಟಿದ ಬಡಾವಣೆ. ಸೆಕ್ಟರ್ ಸೆಕ್ಟರಿನಲ್ಲಿಯೂ ನೆಲಮಾಳಿಗೆಯ ಕ್ವಾರ್ಟರ್ಸುಗಳ ಹಿಂದೆ ಮುಂದೆ ಸೀಬೆ, ನಿಂಬೆ, ಮಾವು, ನುಗ್ಗೆ, ಕರಿಬೇವು ಕಾಣುತ್ತವೆ. ನೆಟ್ಟವರು ನಮ್ಮ ಕಡೆಯ ಗುಮಾಸ್ತರೂ ಉಂಟು, ತಮಿಳರೂ ಬಂಗಾಳಿಗಳೂ ಉಂಟು. ನಿವೃತ್ತಿಯಾದ ಕೆಲವೇ ತಿಂಗಳಲ್ಲಿ ಕ್ವಾರ್ಟರ್ಸು ಬಿಡಬೇಕು. ಮಂಚ ಬರುತ್ತದೆ, ಕಪಾಟು ಬರುತ್ತದೆ, ಮೂವತ್ತು ವರ್ಷ ನೀರೆರೆದ ಮಾವಿನಮರ ಬರುವುದಿಲ್ಲ.

ಮರವಾದರೂ ಅಲ್ಲಿ ಉಳಿದೀತೆಂಬ ಭರವಸೆಯೂ ಇಲ್ಲ. ಸರೋಜಿನಿ ನಗರ, ನೇತಾಜಿ ನಗರ, ನವರೋಜಿ ನಗರ, ನಮ್ಮ ಪಕ್ಕದ ಮೊಹಮ್ಮದ್‌ಪುರ ಮೊದಲಾದ ಏಳು ಸರಕಾರಿ ವಸತಿಗಳನ್ನು ಕೆಡವಿ ಎತ್ತರದ ಕಟ್ಟಡ ಕಟ್ಟಲು 2016ರಲ್ಲಿ ಕೇಂದ್ರ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. ಆ ಯೋಜನೆಗಾಗಿ 16,000ಕ್ಕೂ ಹೆಚ್ಚು ಮರಗಳು ಬೀಳಬೇಕಾಗುತ್ತದೆಂಬ ಸುದ್ದಿ 2018ರ ಜೂನ್ ತಿಂಗಳಲ್ಲಿ ಹಬ್ಬಿ, ಜನ ಬೀದಿಗಿಳಿದು ಮರಗಳನ್ನು ತಬ್ಬಿ ನಿಂತರು. ದಿಲ್ಲಿಯ ಉಚ್ಚ ನ್ಯಾಯಾಲಯ ಕಡಿಯುವುದಕ್ಕೆ ತಡೆ ಹಾಕಿತು. ಹಾಗೆ ನಿಂತ ಜನರನ್ನು ನಾವು ಮೆಚ್ಚುತ್ತೇವೆ. ಆದರೆ ಕೊಡಲಿ ಬರುವ ಮುಂಚೆ ಅಲ್ಲಿಯ ಮನೆಗಳು ಖಾಲಿಯಾಗಿದ್ದವೆಂಬುದನ್ನೂ ಮರೆಯಬಾರದು. ಮರದ ಪರ ಮಾತಾಡುವ ಮನೆಯವರೇ ಇಲ್ಲದಂತೆ ಮಾಡಿದ ಮೇಲೆ ಮರಕ್ಕೆ ಕೈ ಹಾಕುವುದು ಸುಲಭ.

ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇನ್ನೊಂದು ನೆನಪಿದೆ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ದಿಲ್ಲಿಯ 168 ಕಾರ್ಖಾನೆಗಳು ನವೆಂಬರ್ 30ರಿಂದ ಮುಚ್ಚಬೇಕಾಯಿತು. ಬಿರ್ಲಾ ಮಿಲ್ಲು, ಸ್ವತಂತ್ರ ಭಾರತ ಮಿಲ್ಲು ಎಲ್ಲವೂ ಅದರಲ್ಲಿ ಸೇರಿದವು. ದೊಡ್ಡ ಕಾರ್ಖಾನೆಗಳು ತಮ್ಮ ಜಾಗದ ಅರ್ಧಕ್ಕಿಂತ ಹೆಚ್ಚನ್ನು ಹಸಿರಿಗಾಗಿ, ಸಾರ್ವಜನಿಕ ಬಳಕೆಗಾಗಿ ಬಿಟ್ಟುಕೊಡಬೇಕೆಂದೂ ಆಜ್ಞೆಯಾಗಿತ್ತು. ನಗರದ ಗಾಳಿ ಶುದ್ಧವಾಗಬೇಕೆಂಬುದಕ್ಕೆ ನಮ್ಮ ವಿರೋಧವಿಲ್ಲ. ಕೆಲಸ ಕಳೆದುಕೊಂಡವನೂ ಅದೇ ಗಾಳಿಯನ್ನು ಉಸಿರಾಡುವವನು. ನಾವು ಕೇಳುವುದಿಷ್ಟೆ: ಮಗ್ಗ ನಿಂತ ಜಾಗದಲ್ಲಿ ಹಸಿರು ಬರಬೇಕೆಂದು ಬರೆದಾಗ, ಆ ಮಗ್ಗದ ಮುಂದೆ ನಿಂತಿದ್ದವನಿಗೆ ಅದರ ನೆರಳಲ್ಲಿ ಎಷ್ಟು ಪಾಲೆಂದು ಯಾರಾದರೂ ಬರೆದರೆ?

ಹೊಸ ದಿಲ್ಲಿಯ ರಸ್ತೆಗಳ ನೇರಳೆ ಮರಗಳನ್ನು ನೋಡಿರಿ. ಆಷಾಢದ ಹೊತ್ತಿಗೆ ರಸ್ತೆಯೆಲ್ಲ ನೇರಳೆ ಬಣ್ಣ. ಅದರ ಹಣ್ಣನ್ನು ನಗರಾಡಳಿತ ಗುತ್ತಿಗೆಗೆ ಕೊಡುವ ಪದ್ಧತಿ ಇದೆ. ಗುತ್ತಿಗೆ ಹಿಡಿದವರು ಬಟ್ಟೆ ಹಾಸಿ ಕೊಂಬೆ ಅಲುಗಿಸಿ ಹಣ್ಣು ಕೆಡವುತ್ತಾರೆ, ಪಕ್ಕದಲ್ಲಿಯೇ ಬುಟ್ಟಿಯಿಟ್ಟು ಮಾರುತ್ತಾರೆ. ಅವರೂ ಬಡವರೇ, ಅವರ ಮೇಲೆ ನಮ್ಮ ದೂರಿಲ್ಲ. ಆದರೆ ದಾರಿಹೋಕನಿಗೆ ಸಿಗುವುದು ಕಾಲಿಗೆ ಮೆತ್ತಿದ ಹಣ್ಣು ಮಾತ್ರ.

ಆದುದರಿಂದ ಬಾಡಿಗೆಯವನಿಗೆ ತನ್ನದೆನ್ನಬಹುದಾದ ಮರ ಒಂದೇ. ಎತ್ತಿಕೊಂಡು ಹೋಗಬಹುದಾದದ್ದು. ನಮ್ಮಲ್ಲಿ ಹೆಚ್ಚಿನವರ ಬಾಡಿಗೆ ಪತ್ರ ಹನ್ನೊಂದು ತಿಂಗಳಿನದು. ವರ್ಷ ಮೀರಿದರೆ ಪತ್ರವನ್ನು ನೋಂದಾಯಿಸಬೇಕೆಂಬ ಕಾನೂನಿರುವುದರಿಂದ ಮಾಲಿಕರು ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ನಿಂಬೆಯ ಕಸಿಗಿಡ ಸರಿಯಾಗಿ ಕಾಯಲು ಎರಡು ಮೂರು ವರ್ಷ ಬೇಕು. ಅಂದರೆ ಹೂ ಬಿಡುವ ಮುಂಚೆ ಒಂದೆರಡು ಕೋಣೆಯಾದರೂ ಬದಲಾಗಿರುತ್ತದೆ. ಡಬ್ಬಿಯಲ್ಲಿರುವ ಗಿಡಕ್ಕೆ ಇದರಿಂದ ಬಾಧೆಯಿಲ್ಲ. ಟೆಂಪೋದಲ್ಲಿ ಹಾಸಿಗೆಯ ಪಕ್ಕದಲ್ಲಿ ಕೂತುಕೊಂಡು ಬರುತ್ತದೆ.

ಯಾವ ಗಿಡ? ಊರಿನಿಂದ ಬರುವಾಗ ಹಲಸಿನ ಬೀಜ, ಪುನರ್ಪುಳಿಯ ಬೀಜ ಕಟ್ಟಿಕೊಂಡು ಬರುವ ಬಂಧುಗಳಿದ್ದಾರೆ. ಅವರ ಮನಸ್ಸು ನಮಗೆ ಅರ್ಥವಾಗುತ್ತದೆ, ಆದರೆ ಬೀಜ ಮೊಳೆತರೂ ದಿಲ್ಲಿಯ ಮೇ ತಿಂಗಳ ಲೂ ಗಾಳಿಗೂ ಜನವರಿಯ ಚಳಿಗೂ ಅವು ಬಾಳುವುದು ಕಷ್ಟ. ತೆಂಗಂತೂ ಬೇಡವೇ ಬೇಡ. ಮೊದಲ ಗಿಡ ನಿಂಬೆಯಾಗಲಿ. 2022ರ ಏಪ್ರಿಲ್ ತಿಂಗಳಲ್ಲಿ ದಿಲ್ಲಿಯ ಪೇಟೆಯಲ್ಲಿ ನಿಂಬೆ ಕಿಲೋ ಒಂದಕ್ಕೆ 300 ರೂಪಾಯಿ ಮುಟ್ಟಿದ್ದು ಅಡಿಗೆಮನೆಯಲ್ಲಿದ್ದವರಿಗೆಲ್ಲ ನೆನಪಿದೆ. ಚಿತ್ರಾನ್ನಕ್ಕೆ ಹಿಂಡುವ ಮುಂಚೆ ಭಟ್ಟರು ಹಣ್ಣನ್ನು ಎಣಿಸಿ ಇಡುತ್ತಿದ್ದ ಕಾಲ ಅದು. ಕಾಗದದಂಥ ಸಿಪ್ಪೆಯ ಕಾಗ್ಜಿ ನಿಂಬೆ ಡಬ್ಬಿಯಲ್ಲಿ ಚೆನ್ನಾಗಿ ಬಾಳುತ್ತದೆ. ಅದರ ಜೊತೆಗೆ ನರ್ಸರಿಯವರು ಚೈನಾ ಆರೆಂಜ್ ಎನ್ನುವ ಪುಟ್ಟ ಹುಳಿ ಕಿತ್ತಳೆ. ತಿನ್ನಲು ಹುಳಿ, ಉಪ್ಪಿನಕಾಯಿಗೆ ಒಳ್ಳೆಯದು, ವರ್ಷದ ಬಹುಭಾಗ ಕಾಯಿ ತೂಗುತ್ತಿರುತ್ತದೆ. ಕರಂಡೆಗಿಡ ಮುಳ್ಳಿನದಾದರೂ ಬಿಸಿಲಿಗೆ ಹೆದರುವುದಿಲ್ಲ. ದಾಳಿಂಬೆ ಈ ಹವೆಗೆ ಒಗ್ಗುತ್ತದೆ, ಆದರೆ ನಾಲ್ಕು ದಿನ ಒಣಗಿಸಿ ಐದನೆಯ ದಿನ ಕೊಡಗಟ್ಟಲೆ ನೀರು ಸುರಿದರೆ ಕಾಯಿ ಸೀಳುತ್ತದೆ. ಸೀಬೆಯ ಮಳೆಗಾಲದ ಬೆಳೆಗೆ ನೊಣ ಮೊಟ್ಟೆಯಿಟ್ಟು ಹಣ್ಣೊಳಗೆಲ್ಲ ಹುಳು. ಆ ಹೂಗಳನ್ನು ಚಿವುಟಿ ಚಳಿಗಾಲದ ಬೆಳೆಯನ್ನು ಉಳಿಸಿಕೊಳ್ಳುವುದು ಜಾಣತನ. ಉತ್ತರದ ರೈತರು ಮಾಡುವುದೂ ಹಾಗೆಯೇ.

ಮಾವಿನ ಆಸೆ ಇರುವವರಿಗೆ ಒಂದು ಸಂತೋಷದ ಸಂಗತಿ. ದಿಲ್ಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಆಮ್ರಪಾಲಿ ಎಂಬ ಮಾವಿನ ತಳಿ ಸಿದ್ಧವಾಯಿತು. ಅದರ ತಾಯಿ ಉತ್ತರದ ದಶೇರಿ, ತಂದೆ ನಮ್ಮ ದಕ್ಷಿಣದ ನೀಲಂ. ದಶೇರಿ ಒಂದು ವರ್ಷ ಕಾಯ್ದರೆ ಮರುವರ್ಷ ಕೈಕೊಡುವ ಸ್ವಭಾವದ್ದು. ನೀಲಂ ವರ್ಷ ವರ್ಷವೂ ಕಾಯುವುದು. ಮಗಳು ತಂದೆಯ ಗುಣ ಹಿಡಿದಳು, ಮೇಲಾಗಿ ಗಿಡ್ಡಗಾದಳು. ಸಾಮಾನ್ಯ ಮಾವಿನಮರಗಳನ್ನು ಹತ್ತು ಮೀಟರ್ ಅಂತರದಲ್ಲಿ ನೆಡುವ ಕಡೆ ಇದನ್ನು ಎರಡೂವರೆ ಮೀಟರಿಗೊಂದು ನೆಟ್ಟು ಹೆಕ್ಟೇರಿಗೆ 1,600 ಮರ ಬೆಳೆಸುತ್ತಾರೆ. ಇಂಥ ಮಾವು ಮಾತ್ರ ಡ್ರಮ್ಮಿನಲ್ಲಿ ಬಾಳಲು ತಕ್ಕದ್ದು. ಇದೇ ಎರಡು ಜಾತಿಗಳನ್ನು ತಿರುವುಮುರುವು ಮಾಡಿ, ನೀಲಮನ್ನು ತಾಯಿಯಾಗಿಸಿ ಪಡೆದದ್ದು ಮಲ್ಲಿಕಾ. ಊರಿನ ಪೇಟೆಯಲ್ಲಿ ಅದನ್ನು ತಿಂದವರಿದ್ದೀರಿ. ಇನ್ನೊಂದು ಮಾತು. ಪೂಸಾ ಎಂಬುದು ದಿಲ್ಲಿಯ ಹೆಸರಲ್ಲ. ಅದು ಬಿಹಾರದ ಒಂದು ಊರು. 1934ರ ಭೂಕಂಪದಲ್ಲಿ ಸಂಸ್ಥೆಯ ಕಟ್ಟಡ ಕೆಟ್ಟುಹೋಗಿ 1936ರಲ್ಲಿ ಅದನ್ನು ದಿಲ್ಲಿಗೆ ತಂದರು. ಊರಿನ ಹೆಸರೂ ಜೊತೆಗೆ ಬಂತು. ನಮ್ಮ ಹೋಟೆಲುಗಳ ಬೋರ್ಡಿನ ಮೇಲೆ ಉಡುಪಿ ಬಂದ ಹಾಗೆ.

ಗಿಡ ಕೊಳ್ಳುವಾಗ ಕಸಿಯ ಗಂಟನ್ನು ನೋಡಿ ಕೊಳ್ಳಿರಿ. ಬೀಜದ ಗಿಡ ಕಾಯಲು ಆರೇಳು ವರ್ಷ ಹಿಡಿದರೂ ಹಿಡಿಯಿತು. ಕಸಿಯ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಕೂಡಲೇ ಚಿವುಟಬೇಕು. ಅದು ಬೇರಿನ ಗಿಡದ್ದು, ಬಿಟ್ಟರೆ ಮೇಲಿನದನ್ನು ಸೊರಗಿಸಿ ತಾನೇ ಬೆಳೆಯುತ್ತದೆ. ರಸ್ತೆಬದಿಯಲ್ಲಿ ಕಾಯಿ ತೂಗುವ ಗಿಡ ತೋರಿಸಿ ಹೆಚ್ಚು ದುಡ್ಡು ಕೇಳುತ್ತಾರೆ. ಕಾಯಿ ನೋಡಿ ಮರುಳಾಗಬೇಡಿ. ಪುಟ್ಟ ಚೀಲದಲ್ಲಿ ಕಾಯಿ ಹೊತ್ತು ಬಳಲಿದ ಗಿಡಕ್ಕಿಂತ ಎಲೆ ಗಟ್ಟಿಯಾಗಿರುವ ಎಳೆಯ ಗಿಡ ವಾಸಿ.

ಇನ್ನು ಪಾತ್ರೆ, ಮಣ್ಣು, ಗೊಬ್ಬರ. ಇಲ್ಲಿಯೇ ಹೋಟೆಲು ಕಾರ್ಮಿಕ ಇತರ ಎಲ್ಲರಿಗಿಂತ ಅನುಕೂಲಸ್ಥನೆಂಬುದು ನಮ್ಮ ವಾದ. ಹದಿನೈದು ಕಿಲೋ ಎಣ್ಣೆಯ ಚೌಕ ಡಬ್ಬಿ ನಮ್ಮ ಅಡಿಗೆಮನೆಯಲ್ಲಿ ವಾರವಾರವೂ ಖಾಲಿಯಾಗುತ್ತದೆ. ಎಳೆಯ ಗಿಡಕ್ಕೆ ಮೊದಲ ಒಂದೆರಡು ವರ್ಷ ಅದು ಸಾಕು. ಸೋಡಾಪುಡಿ ಹಾಕಿ ಬಿಸಿನೀರಿನಲ್ಲಿ ತೊಳೆದು ಜಿಡ್ಡು ತೆಗೆಯಿರಿ, ತಳದಲ್ಲಿ ಬೆರಳು ಹೋಗುವಂಥ ಐದಾರು ತೂತು ಹೊಡೆಯಿರಿ, ಹೊರಗೆ ಸುಣ್ಣ ಬಳಿಯಿರಿ. ಸುಣ್ಣ ಅಂದಕ್ಕಲ್ಲ. ದಿಲ್ಲಿಯ ಬಿಸಿಲಿಗೆ ಬರಿಯ ತಗಡು ದೋಸೆಕಲ್ಲಿನಂತೆ ಕಾಯುತ್ತದೆ, ಒಳಗಿನ ಬೇರು ಬೇಯುತ್ತದೆ. 2024ರ ಮೇ ತಿಂಗಳಲ್ಲಿ ಸಫ್ದರ್‌ಜಂಗಿನ ಮಾಪಕವೇ 46 ಡಿಗ್ರಿ ದಾಟಿತ್ತು. ಅದು ನೆರಳಿನ ಲೆಕ್ಕ, ಮಾಳಿಗೆಯ ಮೇಲಿನ ತಗಡಿನದಲ್ಲ. ಸುಣ್ಣದ ಮೇಲೆ ಅಕ್ಕಿಯ ಗೋಣಿಯನ್ನು ಸುತ್ತಿದರೆ ಇನ್ನೂ ಒಳ್ಳೆಯದು. ತಗಡು ತುಕ್ಕು ಹಿಡಿದು ಬೀಳುವ ಹೊತ್ತಿಗೆ ಗಿಡ ದೊಡ್ಡದಾಗಿರುತ್ತದೆ. ಆಗ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಕ್ಕೆ ಕೊಯ್ದು ಇಬ್ಬರು ಹಂಚಿಕೊಳ್ಳಬಹುದು. ಆದರೆ ಡ್ರಮ್ಮಿನಲ್ಲಿ ಮೊದಲು ಏನಿತ್ತೆಂದು ಕೇಳಿ ಕೊಳ್ಳಿರಿ. ರಾಸಾಯನಿಕ ತುಂಬಿದ್ದ ಡ್ರಮ್ಮು ತಿನ್ನುವ ಹಣ್ಣಿಗೆ ಬೇಡ.

ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಇಷ್ಟೇ ಮಣ್ಣಿನ ಸೂತ್ರ. ಗೊಬ್ಬರಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ತರಕಾರಿ ಸಿಪ್ಪೆ, ಬಾಳೆಲೆಯ ಚೂರು, ತೆಂಗಿನ ನಾರು, ಫಿಲ್ಟರಿನ ಕಾಫಿ ಚರಟ ದಿನವೂ ಬುಟ್ಟಿಗಟ್ಟಲೆ ಹೊರಗೆ ಹೋಗುತ್ತದೆ. ಇನ್ನೊಂದು ತೂತಿನ ಡಬ್ಬಿಯಲ್ಲಿ ಒಣ ಎಲೆಯೊಡನೆ ಪದರು ಪದರಾಗಿ ಹಾಕಿ ಮುಚ್ಚಿದರೆ ಮೂರು ತಿಂಗಳಲ್ಲಿ ಕರಿಯ ಮಣ್ಣಾಗುತ್ತದೆ. ಎಚ್ಚರಿಕೆ ಒಂದೇ. ಮಿಕ್ಕ ಸಾಂಬಾರು, ಉಪ್ಪಿಟ್ಟು, ಎಣ್ಣೆ ಬಿದ್ದ ಯಾವುದನ್ನೂ ಹಾಕಕೂಡದು. ಉಪ್ಪು ಬೇರನ್ನು ಸುಡುತ್ತದೆ, ಎಣ್ಣೆಯ ವಾಸನೆಗೆ ಇಲಿ ಬರುತ್ತದೆ. ಅಕ್ಕಿ ಬೇಳೆ ತೊಳೆದ ಅಕ್ಕಚ್ಚು ಗಿಡಕ್ಕೆ ಅಮೃತ. ಇಡ್ಲಿಗೆ ನೆನೆಹಾಕುವ ಅಕ್ಕಿಯನ್ನು ತೊಳೆದು ಚರಂಡಿಗೆ ಬಿಡುವ ನೀರೊಂದೇ ಹತ್ತು ಹದಿನೈದು ಗಿಡಗಳನ್ನು ಸಾಕೀತು. ಪಾತ್ರೆ ತೊಳೆದ ಸೋಪಿನ ನೀರು ಬೇಡ. ಆರ್.ಓ. ಯಂತ್ರ ಹೊರಬಿಡುವ ನೀರೂ ಬೇಡ, ಅದರಲ್ಲಿ ಲವಣ ಹೆಚ್ಚು. ಮಣ್ಣಿನ ಮೇಲೆ ಬಿಳಿಯ ಪದರ ಕಟ್ಟುವುದನ್ನು ಕಂಡಿದ್ದೀರಲ್ಲ, ಅದೇ ಅದು.

ಬೇಸಿಗೆಯಲ್ಲಿ ಬೆಳಗ್ಗೆ ಸಂಜೆ ನೀರು, ಚಳಿಯಲ್ಲಿ ಮಣ್ಣು ಮುಟ್ಟಿ ಒಣಗಿದ್ದರೆ ಮಾತ್ರ. ನವೆಂಬರಿನ ಹೊಗೆ ಮಂಜಿನ ಕಾಲದಲ್ಲಿ ಎಲೆಯ ಮೇಲೆ ಕೂರುವ ಮಸಿಯನ್ನು ವಾರಕ್ಕೊಮ್ಮೆ ತೊಳೆಯಬೇಕು. ಆರ್.ಕೆ.ಪುರಂನಲ್ಲಿ ಗಾಳಿ ಅಳೆಯುವ ಕೇಂದ್ರವೇ ಇದೆ. ಅದರ ಅಂಕಿ ಪ್ರತಿ ಚಳಿಗಾಲವೂ ಪತ್ರಿಕೆಯಲ್ಲಿ ಬರುತ್ತದೆ. ಕುಂಡದ ಗಿಡದಿಂದ ಗಾಳಿ ಶುದ್ಧವಾಗುತ್ತದೆಂದು ಹೇಳಿ ಮಾರುವವರಿದ್ದಾರೆ. ನಂಬಬೇಡಿ. ನಾಲ್ಕು ಗಿಡದಿಂದ ದಿಲ್ಲಿಯ ಗಾಳಿ ತಿಳಿಯಾಗದು, ಗಿಡವೂ ನಮ್ಮ ಹಾಗೆ ಅದನ್ನು ಸಹಿಸಿಕೊಂಡಿರುತ್ತದೆ, ಅಷ್ಟೆ.

ನಿಂಬೆಯ ಎಳೆಯ ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಬರುತ್ತದೆ. ಹಿಕ್ಕೆಯೆಂದು ಬಿಟ್ಟರೆ ವಾರದಲ್ಲಿ ಗಿಡ ಬೋಳು. ಚಿಟ್ಟೆಯ ಮರಿ ಅದು. ಕರಿಬೇವಿಗೂ ಅದೇ ಬರುತ್ತದೆ, ಎರಡೂ ಒಂದೇ ಕುಲದ ಗಿಡಗಳಾದುದರಿಂದ. ಕೈಯಿಂದ ತೆಗೆದರೆ ಆಯಿತು. ಎರಡು ಮೂರು ವರ್ಷಕ್ಕೊಮ್ಮೆ ಚಳಿ ಕಳೆದ ಮೇಲೆ ಗಿಡವನ್ನು ಹೊರತೆಗೆದು ಸುತ್ತಿಕೊಂಡ ಬೇರಿನ ಅಂಚನ್ನು ಕೊಯ್ದು ಹೊಸ ಮಣ್ಣು ಕೊಡಬೇಕು. ಇದನ್ನು ಬಿಟ್ಟರೆ ಗಿಡ ಸಾಯದಿದ್ದರೂ ಕಾಯುವುದಿಲ್ಲ.

ಸೊಳ್ಳೆಯ ವಿಚಾರದಲ್ಲಿ ನಾವು ಕಟ್ಟುನಿಟ್ಟು. ಕುಂಡದ ಕೆಳಗೆ ತಟ್ಟೆಯಿಟ್ಟು ನೀರು ನಿಲ್ಲಿಸಿದರೆ ಡೆಂಗೂ ಸೊಳ್ಳೆಗೆ ತೊಟ್ಟಿಲು ಕಟ್ಟಿದ ಹಾಗೆ. 2015ರಲ್ಲಿ ದಿಲ್ಲಿಯಲ್ಲಿ 15,000ಕ್ಕೂ ಹೆಚ್ಚು ಜನ ಡೆಂಗೂವಿನಿಂದ ಮಲಗಿದರು. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ನಮ್ಮಲ್ಲಿ ಒಬ್ಬನಿಗೆ ಬಂದರೆ ಉಳಿದವರಿಗೆ ಬರಲು ತಡವಿಲ್ಲ. ತಟ್ಟೆ ಬೇಡ, ಇಟ್ಟಿಗೆಯ ಮೇಲೆ ಇಡಿರಿ. ನಗರಪಾಲಿಕೆಯಿಂದ ಸೊಳ್ಳೆಮರಿ ನೋಡಲು ಬರುವವರನ್ನು ಬಾಗಿಲಲ್ಲೇ ಗದರಿಸಿ ಕಳಿಸಬೇಡಿ. ಅವರೂ ಕೂಲಿಯವರೇ. ವರ್ಷಗಟ್ಟಲೆ ಗುತ್ತಿಗೆಯ ಮೇಲೆ ದುಡಿದು ಖಾಯಂ ಮಾಡಿರೆಂದು ಮತ್ತೆ ಮತ್ತೆ ಧರಣಿ ಕೂತವರು. ಅವರನ್ನು ಮಾಳಿಗೆಗೆ ಕರೆದುಕೊಂಡು ಹೋಗಿ ನಿಮ್ಮ ಗಿಡ ತೋರಿಸಿರಿ.

ಕೋತಿಯ ಕಾಟಕ್ಕೆ ಮಾತ್ರ ನಮ್ಮಲ್ಲಿ ಪೂರ್ತಿ ಮದ್ದಿಲ್ಲ. ಅದು ನಗೆಯ ವಿಷಯವಲ್ಲ; 2007ರಲ್ಲಿ ದಿಲ್ಲಿಯ ಉಪಮೇಯರ್ ಒಬ್ಬರು ಕೋತಿಗಳನ್ನು ಓಡಿಸಲು ಹೋಗಿ ಮನೆಯ ಮೊಗಸಾಲೆಯಿಂದ ಬಿದ್ದು ತೀರಿಕೊಂಡರು. ಹಾಗಾಗಿ ಹಣ್ಣಿಗಾಗಿ ಕೋತಿಯೊಡನೆ ಜಗಳಕ್ಕಿಳಿಯಬೇಡಿ. ಸೀಬೆ, ದಾಳಿಂಬೆ, ಮಾವಿಗೆ ಬಲೆ ಕಟ್ಟಬೇಕು. ನಿಂಬೆಯನ್ನು ಒಮ್ಮೆ ಕಚ್ಚಿ ಮುಖ ಸಿಂಡರಿಸಿ ಎಸೆಯುತ್ತದೆ, ಕರಂಡೆಯ ಮುಳ್ಳಿಗೆ ಕೈ ಹಾಕುವುದಿಲ್ಲ. 2014ರಲ್ಲಿ ಹೊಸ ದಿಲ್ಲಿಯ ಪುರಸಭೆ ಮುಸುವನಂತೆ ಕೂಗಿ ಕೋತಿ ಓಡಿಸಲು 40 ಮಂದಿಯನ್ನು ನೇಮಿಸಿಕೊಂಡಿದೆಯೆಂದು ಸಂಸತ್ತಿನಲ್ಲಿಯೇ ಹೇಳಲಾಯಿತು. ದಿಲ್ಲಿಯಲ್ಲಿ ಬದುಕಲು ಮನುಷ್ಯ ಏನೆಲ್ಲ ಕಲಿಯಬೇಕು ನೋಡಿರಿ!

ಇಷ್ಟೂ ಸುಲಭದ ಭಾಗ. ಕಷ್ಟದ್ದು ಮಾಳಿಗೆ. ನಾವು ಬಾಡಿಗೆಗಿದ್ದ ಒಂದು ಕಟ್ಟಡದಲ್ಲಿ ಮಾಲಿಕರು ಒಂದು ಬೆಳಗ್ಗೆ ಬಂದು ಮೂರು ದಿನದೊಳಗೆ ಡಬ್ಬಿಗಳನ್ನೆಲ್ಲ ಇಳಿಸಬೇಕೆಂದರು. ತಾರಸಿ ಸೋರುತ್ತದೆ, ಭಾರಕ್ಕೆ ಕುಸಿಯುತ್ತದೆ ಎಂಬುದು ಅವರ ಮಾತು. ಅದೇ ಮಾಳಿಗೆಯ ಮೇಲೆ ಮೊಬೈಲ್ ಕಂಪೆನಿಯ ಗೋಪುರ ನಿಂತಿತ್ತು. ಅದಕ್ಕೆ ಬಾಡಿಗೆ ಬರುತ್ತಿತ್ತು, ಆದುದರಿಂದ ಅದು ಭಾರವಾಗಿರಲಿಲ್ಲ. ಆದರೂ ಮಾಲಿಕರ ಮಾತಿನಲ್ಲಿ ಅರ್ಧ ನ್ಯಾಯವಿದೆಯೆಂದು ನಾವು ಒಪ್ಪಬೇಕು. ಐವತ್ತು ಲೀಟರಿನ ಪಾತ್ರೆ ಒದ್ದೆ ಮಣ್ಣು ತುಂಬಿದಾಗ ಒಬ್ಬ ಆಳಿಗಿಂತ ಕಡಿಮೆ ತೂಗುವುದಿಲ್ಲ. ಓಣಿಯ ಅವಸರದ ಕಟ್ಟಡಗಳ ತಾರಸಿಯ ನಡುವೆ ಹತ್ತು ಡ್ರಮ್ಮು ಇಡುವುದು ಅಪಾಯ. ತೊಲೆಯ ಮೇಲೆ, ಗೋಡೆಯ ನೇರಕ್ಕೆ, ಇಟ್ಟಿಗೆಯ ಮೇಲೆ ಎತ್ತಿಟ್ಟರೆ ಭಾರವೂ ಹಂಚಿಹೋಗುತ್ತದೆ, ಕೆಳಗೆ ನೀರೂ ನಿಲ್ಲುವುದಿಲ್ಲ. ಇದನ್ನು ಮೊದಲೇ ತೋರಿಸಿ, ಒಪ್ಪಿಸಿ, ಬಾಡಿಗೆ ಪತ್ರದಲ್ಲಿ ಒಂದು ಸಾಲು ಬರೆಯಿಸಿಕೊಳ್ಳುವುದು ಒಳ್ಳೆಯದು. ಒಬ್ಬನೇ ಹೋಗಿ ಕೇಳಿದರೆ ಬೇರೆ ಕೋಣೆ ನೋಡಿಕೋ ಎನ್ನುತ್ತಾರೆ. ಆರು ಕೋಣೆಯವರು ಒಟ್ಟಿಗೆ ಹೋದರೆ ಕೂರಲು ಹೇಳುತ್ತಾರೆ. ಇದು ನಾವು ಸಂಘದಲ್ಲಿ ಕಲಿತದ್ದು, ಗಿಡಕ್ಕೂ ಅನ್ವಯಿಸುತ್ತದೆ.

ನೀರಿನ ಮಾತೂ ಹಾಗೆಯೇ. ಮೀಟರ್ ಇರುವ ಮನೆಗೆ ತಿಂಗಳಿಗೆ 20,000 ಲೀಟರ್ ನೀರು ಉಚಿತವೆಂದು ದಿಲ್ಲಿ ಸರಕಾರ 2015ರಲ್ಲಿ ಸಾರಿತು. ಮೀಟರ್ ಮಾಲಿಕರದು, ಬಾಡಿಗೆಯವರು ಮಾತ್ರ ನೀರಿಗೆಂದು ಬೇರೆ ಹಣ ತೆರುವುದು ಎಷ್ಟೋ ಕಡೆ ನಡೆದಿದೆ. 2024ರ ಜೂನಿನಲ್ಲಿ ಟ್ಯಾಂಕರಿನ ಹಿಂದೆ ಜನ ಕೊಡ ಹಿಡಿದು ಓಡಿದ್ದನ್ನು ಕಂಡಿದ್ದೇವೆ. ಅಂಥ ದಿನಗಳಲ್ಲಿ ಮನುಷ್ಯರ ನೀರನ್ನು ಗಿಡಕ್ಕೆ ಹಾಕಿರೆಂದು ನಾವು ಹೇಳಲಾರೆವು. ಅದಕ್ಕಾಗಿಯೇ ಅಕ್ಕಚ್ಚಿನ ಮಾತನ್ನು ಅಷ್ಟು ಒತ್ತಿ ಹೇಳಿದ್ದು.

ಈಗ ಬೋನ್ಸಾಯಿಯ ಪ್ರಶ್ನೆಗೆ ಬರೋಣ. ಗಿಡಕ್ಕೆ ದಿನಕ್ಕೆ ಕಾಲು ಗಂಟೆ ಬೇಕು, ಅದೂ ಬೆಳಕಿನಲ್ಲಿ. 1954ರ ದಿಲ್ಲಿ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದೆನ್ನುತ್ತದೆ. ಬೆಳಗಿನ ನಾಲ್ಕಕ್ಕೆ ಎದ್ದು ಹಿಟ್ಟು ನೋಡಿ, ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ, ಸಂಜೆಯ ತಿಂಡಿಗೆ ಮತ್ತೆ ನಿಂತು, ರಾತ್ರಿ ಹನ್ನೊಂದಕ್ಕೆ ಟೇಬಲ್ಲು ಒರಸುವ ಹುಡುಗನಿಗೆ ಬೆಳಕಿನ ಕಾಲು ಗಂಟೆ ಎಲ್ಲಿದೆ? ಅವನಿಗೆ ಏಕೆ ಗಿಡವಿಲ್ಲವೆಂದು ವಿಚಾರಿಸಹೊರಟರೆ ಬಂದು ತಲಪುವುದು ಕೆಲಸದ ವೇಳೆಗೆ, ಮಲಗುವ ಜಾಗಕ್ಕೆ, ವಾರದ ರಜೆಗೆ. ಗಿಡದ ಬೇಡಿಕೆಯೂ ಬೋನಸ್ಸಿನ ಬೇಡಿಕೆಯೂ ಒಂದೇ ಅರ್ಜಿಯ ಎರಡು ಸಾಲುಗಳೆಂದು ನಾವು ತಿಳಿಯುವುದು ಇದರಿಂದ. ಮುಂಬಯಿಯಲ್ಲಿ ನಮ್ಮ ಹಿರಿಯರು ಹೋಟೆಲು ಹುಡುಗರಿಗಾಗಿ ರಾತ್ರಿಶಾಲೆಗಳನ್ನು ತೆರೆದಾಗಲೂ ಮೊದಲು ಸಂಬಳ, ಆಮೇಲೆ ಅಕ್ಷರ ಎಂದವರು ಇದ್ದಿರಬೇಕು. ಏಳನೆಯ ತರಗತಿಗೆ ಓದು ಬಿಟ್ಟು ಬಂದ ನಮ್ಮಂಥವರಿಗೆ ಆ ಶಾಲೆಗಳ ಬೆಲೆ ಗೊತ್ತು.

ಹೋಟೆಲು ಮಾಲಿಕರಿಗೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಸ್ಟಾಫ್ ರೂಮಿನ ಮೇಲಿನ ತಾರಸಿಯ ಬೀಗದ ಕೈ ಕೆಲಸಗಾರರಲ್ಲೊಬ್ಬರ ಹತ್ತಿರ ಇರಲಿ. ಖಾಲಿ ಡಬ್ಬಿಗಳನ್ನು ಗುಜರಿಗೆ ಹಾಕುವ ಮುಂಚೆ ಬೇಕೆಂದವರಿಗೆ ಕೊಡಲಿ. ಒಂದು ಡಬ್ಬಿಯಿಂದ ಗಲ್ಲೆಗೆ ಬರುವ ಕಾಸು ಎಷ್ಟೆಂದು ಅವರಿಗೂ ಗೊತ್ತು, ನಮಗೂ ಗೊತ್ತು. ಅಕ್ಕಚ್ಚಿಗೆ ಒಂದು ಬೇರೆ ಕೊಳಗ ಇಡಿಸಲಿ. ಹೀಗೆ ಬೆಳೆದ ಕರಿಬೇವು ನಾಲ್ಕು ಎಸಳು ಅವರ ಒಗ್ಗರಣೆಗೂ ಬಂದೀತು, ಅದಕ್ಕೆ ನಾವು ಲೆಕ್ಕ ಇಡುವುದಿಲ್ಲ. ರಾವ್ ತುಲಾರಾಮ್ ಮಾರ್ಗದಲ್ಲಿ, ಸೆಕ್ಟರ್ ಹನ್ನೆರಡರಲ್ಲಿ, ದೆಹಲಿ ಕರ್ನಾಟಕ ಸಂಘದ ಕಟ್ಟಡವಿದೆ. ರಾಜ್ಯೋತ್ಸವಕ್ಕೆ ಶಾಲು ಹಾರ ಹಂಚುವ ನಮ್ಮ ಎಲ್ಲ ಸಂಘಗಳೂ ಒಂದು ವರ್ಷ ಹಾರದ ಬದಲು ನಿಂಬೆಯ ಕಸಿಗಿಡ ಹಂಚಿ ನೋಡಬಹುದೆಂದು ಸೂಚಿಸುತ್ತೇವೆ. ನವೆಂಬರ್ ಒಂದರ ಹೊತ್ತಿಗೆ ಬಿಸಿಲೂ ಹದವಾಗಿರುತ್ತದೆ.

ಸದ್ಯಕ್ಕೆ ಮಾಡಬೇಕಾದದ್ದು ಹೀಗೆ. ಮುಂಗಾರಿನ ಎರಡು ಮಳೆ ಬಿದ್ದ ಮೇಲೆ, ಇಲ್ಲವೆ ಫೆಬ್ರವರಿಯಲ್ಲಿ ಚಳಿ ಮುರಿದ ಮೇಲೆ ಗಿಡ ತನ್ನಿರಿ. ಮೇ ತಿಂಗಳಲ್ಲಿ ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ಒಂದೇ ಮಾಳಿಗೆಯವರು ಸೇರಿ ನೀರು ಹಾಕುವ ಸರದಿ ಗೊತ್ತುಮಾಡಿಕೊಳ್ಳಿರಿ, ಊರಿಗೆ ಹೋಗುವವರ ಡಬ್ಬಿಯ ಮೇಲೆ ಅವರ ಹೆಸರು ಬರೆದಿಡಿರಿ. ತೊಳೆದು ತೂತು ಹೊಡೆದ ಡಬ್ಬಿ ಹೆಚ್ಚಾಗಿ ಉಳಿದವರು ಮುಂದಿನ ಸಭೆಗೆ ಬರುವಾಗ ತನ್ನಿರಿ. ಗಿರಣಿಯಲ್ಲಿ ದುಡಿದು ಈಗ ಮನೆಯಲ್ಲಿರುವ ಹಿರಿಯರಲ್ಲಿ ಇಬ್ಬರು ಮೂವರು ಈಗಾಗಲೇ ಕೇಳಿದ್ದಾರೆ.